ಗಾಲಿಯ ಸದ್ದು

ಮೂವತ್ತೊಂದು ವರ್ಷ
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಗಾಲಿ ಬಡದು ಕೇಳೀನಿ.
ಸುತ್ತಿಗಿ ಹಗೂರ ಇರಬೇಕು, ಕಿವಿ ಬಿಗಿ ಇರಬೇಕು.
ಗಟ್ಟಿ ಗಾಲಿ ಠಣ್ಣಂತೈತಿ, ಬಾಳ ಹೊತ್ತು ಗುಂಯ್ಗುಡತೈತಿ.
ಒಳಗ ಬಿರುಕು ಬಿಟ್ಟದ್ದು
ಒಡಕ ಗಡಿಗಿಹಂಗ ಧಡ್ ಅಂದು ಸುಮ್ಮನಾಗತೈತಿ.
ಕಣ್ಣಿಗೆ ಎರಡೂ ಒಂದ.

‘ಮುರದ ಮ್ಯಾಲ ಓಡಿ ಬರಾಂವ ಮೇಸ್ತ್ರಿ ಅಲ್ಲೋ’
ಅಂತಿದ್ದೆ ಹೊಸ ಹುಡುಗೂರಿಗೆ,
ನಾಕನೇ ಚಾ ಹೀರಕೋತ,
ಕೈಯಾಗ ಅರ್ಧ ಕಡದ ಮಿರ್ಚಿ.

ಮೊನ್ನಿ ಫಕ್ಕೀರಪ್ಪ ಶೆಡ್ಡಿನ ಮೆಟ್ಟಲ ಮ್ಯಾಲ ಕುಂತ.
ಎದ್ದದ್ದು ಕಿಮ್ಸ್‌ನ್ಯಾಗ,
ಬಾಯಿ ಒಂದು ಕಡಿಗೆ ಸರದಿತ್ತು.
‘ನಿನ್ನಿ ತನಕ ಆರಾಮ ಇದ್ದನಲ್ಲ’ ಅಂದರು ಎಲ್ಲಾರೂ.
ಇದ್ದನ?
ಯಾರು ಬಡದು ನೋಡಿದ್ದರು?

ಆ ರಾತ್ರಿ ದೀಪ ಆರಿಸಿ ಕಾಶವ್ವನ ಕೇಳಿದೆ:
ನಂದು ಸದ್ದು ಹೆಂಗೈತಿ?
ಆಕಿ ನಗಲಿಲ್ಲ.
‘ಗೊರಕಿ ನಡುವ ಉಸುರು ನಿಲ್ಲತೈತಿ.
ಎಣಸ್ತೀನಿ. ಏಳು, ಎಂಟು, ಒಂಬತ್ತು.
ಹತ್ತಕ್ಕ ಭುಜಾ ಅಲುಗಾಡಸ್ತೀನಿ.
ಆರು ವರ್ಷಾತು.’

ಮೂವತ್ತೊಂದು ವರ್ಷ ಪಗಾರ ನಾ ಎಣಿಸಿದೆ,
ಕಿವಿ ಮಾತ್ರ ಮನ್ಯಾಗಿತ್ತು.

ಈಗ ಉಣಕಲ್ ಕೆರಿ ದಂಡಿಗೆ ನಸುಕಿನ್ಯಾಗ ನಡೀತೀವಿ,
ಆಕಿ ನಾಕು ಹೆಜ್ಜಿ ಮುಂದ.
ಉಪ್ಪಿನಕಾಯಿ ಭರಣಿ ಅಟ್ಟಾ ಏರೈತಿ.
ಬಿ.ಪಿ. ಚೀಟಿ ಕ್ಯಾಲೆಂಡರಿನ ಮೊಳಿಗೆ.
ಸಂಜಿಮುಂದ ಮಿರ್ಚಿ ಬಂಡಿ ದಾಟೂದೊಂದು
ಇನ್ನೂ ಸಾಧಿಸಿಲ್ಲ; ಆ ಕಡಿ ಓಣಿ ಹಿಡೀತೀನಿ.

ಒಂದೊಂದು ರಾತ್ರಿ ನನಗ ಎಚ್ಚರಾಗತೈತಿ.
ಕತ್ತಲ್ಯಾಗ ಆಕಿ ಉಸುರಿಗೆ ಕಿವಿ ಕೊಡತೀನಿ.
ಮೊಣಕಾಲು ಮಡಚಿದಾಗ ಸಣ್ಣಗ ನರಳತಾಳ.
ಯಾವಾಗಿಂದೋ.
ಯಾರೂ ಕೇಳಿರಲಿಲ್ಲ.