ಬಾಕಿ

ಪೇಪರಿನ ಒಳಪುಟದಲ್ಲಿ, ಶ್ರದ್ಧಾಂಜಲಿಗಳ ಕೆಳಗೆ,
ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ಮನೆ.
ಹೂಟಗಳ್ಳಿ. ಇಪ್ಪತ್ತು ಮೂವತ್ತು. ಚಕ್ಕುಬಂದಿ:
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇರೆಯವರ ಸೊತ್ತು.
ಮೊದಲ ಹರಾಜಿಗೆ ಯಾರೂ ಬರಲಿಲ್ಲ, ಎರಡನೆಯದಕ್ಕೂ.
ಮೂರನೆಯದಕ್ಕೆ ಬೆಲೆ ಇಳಿಸಿದ್ದಾರೆ,
ಸಂಜೆಯ ಸೊಪ್ಪಿಗೆ ಇಳಿಸುವ ಹಾಗೆ.

ಸಾಲಗಾರನ ಹೆಸರು ಓದಿದ್ದು ನನ್ನ ಗಂಡ, ಗಟ್ಟಿಯಾಗಿ.
ನಾನು ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದೆ.
ಶಾಂತಮಲ್ಲಪ್ಪ ಬಿನ್ ಪುಟ್ಟಮಾದಪ್ಪ.
ಸವರಿದ ಕುಳಿಗೇ ಮತ್ತೆ ಸವರಿದೆ.

ಗೊತ್ತು. ಎರಡು ಇಡ್ಲಿ, ಒಂದು ವಡೆ,
ಚಟ್ನಿ ಬೇರೆ ಬಟ್ಟಲಲ್ಲಿ. ಮೊದಲ ಪಾಳಿ.
ಫ್ಯಾಕ್ಟರಿ ಗೇಟಿಗೆ ಬೀಗ ಬೀಳುವ ಮುಂಚೆ
ಮೂರು ಪಾಳಿ ಎರಡಾಯಿತು, ಎರಡು ಒಂದಾಯಿತು,
ಆಮೇಲೆ ಸೈರನ್ನು ಮಾತ್ರ ಅಭ್ಯಾಸಬಲದಿಂದ ಕೂಗುತ್ತಿತ್ತು.
ನಾನೂರು ಇಡ್ಲಿ ಬೇಯಿಸುತ್ತಿದ್ದವಳು ತೊಂಬತ್ತಕ್ಕೆ ಬಂದೆ.
ಉದ್ದು ನೆನೆಹಾಕುವಾಗ ಕೈ ತಾನಾಗಿ ಜಾಸ್ತಿ ಅಳೆದು
ಮತ್ತೆ ಡಬ್ಬಕ್ಕೇ ಸುರಿಯುತ್ತಿತ್ತು.

ಗಂಡನ ದುಡ್ಡು, ಮೂವತ್ತೊಂದು ವರ್ಷ
ಹುಣಸೂರು ರೋಡಿನಲ್ಲಿ ಸರ್ಕಾರಿ ಬಸ್ಸು ಓಡಿಸಿದ ದುಡ್ಡು,
ಬ್ಯಾಂಕಿನಲ್ಲಿ ಸುಮ್ಮನೆ ಕೂತಿತ್ತು.
"ಕರಗೋಕೆ ಮುಂಚೆ ಗೋಡೆ ಆಗ್ಲಿ" ಅಂದರು.
ನಮ್ಮದು ಬಾಡಿಗೆ ಮನೆ, ಇಪ್ಪತ್ತೆರಡು ವರ್ಷ, ಐದು ಓನರು.
"ನಾವು ಬಿಟ್ರೆ ಬೋಗಾದಿಯ ಸೈಟಿನ ಬ್ರೋಕರು ಹಿಡೀತಾನೆ."
ಅದೂ ನಿಜ.
ನಿಜಕ್ಕೆ ಅಂಥ ರುಚಿಯೇನಿಲ್ಲ.

ಹರಾಜು ನಡೆದದ್ದು ತಂಗಿ ಮಗಳ ಕಂಪ್ಯೂಟರಿನಲ್ಲಿ.
ಸುತ್ತಿಗೆ ಇಲ್ಲ, ಒಂದು ಸಲ, ಎರಡು ಸಲ ಇಲ್ಲ.
ಒಂದು ಅಂಕಿ, ಪಕ್ಕದಲ್ಲಿ ಇಳಿಯುವ ನಿಮಿಷ.
ಯಾರೋ ಹತ್ತು ಸಾವಿರ ಏರಿಸಿದ.
ನಾವೂ ಹತ್ತು ಸಾವಿರ ಏರಿಸಿದೆವು.
ಅವನು ಊಟಕ್ಕೆ ಎದ್ದು ಹೋದನೋ ಏನೋ.

ಬ್ಯಾಂಕಿನ ಹುಡುಗ ಬೀಗ ಒಡೆಸಿ, ಸಹಿ ಹಾಕಿಸಿಕೊಂಡು ಹೋದ.
ಹೋಗುವವರು ಮನೆ ಗುಡಿಸಿ ಹೋಗಿದ್ದರು.
ಪೊರಕೆಯನ್ನು ಒಯ್ದಿದ್ದರು.
ಹಾಲು ಉಕ್ಕಿಸಿದೆ. ಯಾವ ದಿಕ್ಕಿಗೆ ಉಕ್ಕಿತು
ಅಂತ ನಾದಿನಿ ಕೇಳಿದಳು. ನಾನು ನೋಡಿರಲಿಲ್ಲ.

ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅವನ ಹಾಳೆ ಇನ್ನೂ ಇತ್ತು:
ಆರುನೂರ ನಲವತ್ತು.
ಬ್ಯಾಂಕು ತನ್ನದನ್ನು ತೆಗೆದುಕೊಂಡಾಯಿತು,
ನನ್ನದನ್ನು ಹೊಡೆದುಹಾಕೋಣ ಅಂತ ಪೆನ್ನು ತೆಗೆದೆ.
ಗಿರಾಕಿ ಬಂದರು. ಪೆನ್ನು ಎಲ್ಲೋ ಇಟ್ಟೆ.

ಬಂದ, ಒಂದು ಸೋಮವಾರ, ಹೆಲ್ಮೆಟ್ಟು ತೆಗೆಯದೆ.
ಆ ಗೇಟಿನ ಚಿಲಕ ಸ್ವಲ್ಪ ಎತ್ತಿ ಎಳೆಯಬೇಕು,
ನನಗಿಂತ ಅವನಿಗೆ ಗೊತ್ತು. ಮುಟ್ಟಲಿಲ್ಲ.
"ಲೆಕ್ಕ ಉಳಿದಿತ್ತು ದೇವೀರಕ್ಕ."
ಐನೂರರದು ಒಂದು, ನೂರರದು ಒಂದು, ಇಪ್ಪತ್ತು ಎರಡು.
ಬೇಡಪ್ಪಾ ಅನ್ನುವ ಮಾತು ಬಾಯಿತನಕ ಬಂತು.
ಅವನ ಮನೆಯೊಳಗೆ ನಿಂತು
ಅವನಿಗೆ ದಾನ ಮಾಡುವುದೆ?
ಎಣಿಸಿಕೊಂಡೆ. ಎದುರಿಗೇ, ಎರಡು ಸಲ.

"ಟೀ ಕುಡ್ಕೊಂಡು ಹೋಗು."
"ಅಂಗಡಿಗೆ ಬರ್ತೀನಿ."
ಗಾಡಿ ಸ್ಟಾರ್ಟು ಮಾಡಿದವನು ಮತ್ತೆ ಆರಿಸಿದ.
ತಲೆ ಎತ್ತಿ ತಾರಸಿ ನೋಡಿದ, ಮನೆಯನ್ನಲ್ಲ, ಟ್ಯಾಂಕನ್ನು.
"ಮೇಲಿನ ವಾಲ್ವು ಪೂರ್ತಿ ತಿರುಗಿಸ್ಬೇಡಿ ಅಕ್ಕ, ಮುಕ್ಕಾಲು.
ಪೂರ್ತಿ ಬಿಟ್ರೆ ಅಡುಗೆಮನೆ ಗೋಡೆ ನೆನೆಯುತ್ತೆ.
ಸಿಮೆಂಟು ಹಾಕಿಸ್ಬೇಕು ಅಂತಿದ್ದೆ."

ಬ್ಯಾಂಕು ಕೊಟ್ಟ ಹದಿನಾಲ್ಕು ಹಾಳೆಯಲ್ಲಿ
ಇದು ಎಲ್ಲಿಯೂ ಇರಲಿಲ್ಲ.

ಸಂಜೆ ನಲ್ಲಿಯಲ್ಲಿ ನೀರು ಬಂತು.
ಗಂಡ ತಾರಸಿಯಿಂದ ಕೂಗಿದರು: "ಎಷ್ಟು ತಿರುಗಿಸ್ಲಿ?"
ನಾನು ಅಂಗಳದಲ್ಲಿ ನಿಂತು,
ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ,
"ಮುಕ್ಕಾಲು" ಅಂದೆ.