ಒಂಬತ್ತು ಸೆಕೆಂಡು

ಕಂಪ್ಲೇಂಟ್ ಇಷ್ಟ ಇತ್ತು:
ಟ್ರಾನ್ಸ್‌ಫರ್ ಆಗೂ ಮುಂದ ಕಾಲು ತುಂಡಾಗತೈತಿ.
ನಮ್ಮವ್ವ ಕೇಳಿ, ಯಾರದೋ, ಯಾವ ದವಾಖಾನಿ, ಅಂದಳು.
ಫೋನಿನ ಕಾಲಬೇ, ಅಂತ ಹೇಳಿ
ಧಾರವಾಡದಿಂದ ಚಿಗರಿ ಬಸ್ಸಿನ್ಯಾಗ, ಲ್ಯಾಪ್‌ಟಾಪ್ ತೊಡಿ ಮ್ಯಾಲ,
ಹುಬ್ಬಳ್ಳಿಗೆ ಇಳದೆ.
ಕೊಪ್ಪೀಕರ ರೋಡು, ಮೂರನೇ ಅಂತಸ್ತು,
ಗಾಡಿಗೆ ಸಾಲ ಕೊಡೂ ಆಫೀಸು.

"ಒಂದ ಕಾಲಿಗೆ ಎರಡ ಫೈಲು," ಅಂದರು ಮ್ಯಾನೇಜರ ಕೊಣ್ಣೂರ,
"ನಡುವಿನ ಒಂಬತ್ತು ಸೆಕೆಂಡು ಎಲ್ಲಿ ಹೋದವು?
ಆಡಿಟಿನವರಿಗೆ ಏನ ಹೇಳ್ಲಿ ನಾ?"

ಎಲ್ಲೂ ಹೋಗಿರಲಿಲ್ಲ.
ಫೋನ್ ಹಚ್ಚಿದಂವ ಹೋಲ್ಡಿನ ಪೀಪಿ ಕೇಳಕೋತ ನಿಂತಿರತಾನ,
ಆವಾಗ ಬೋರ್ಡಿನ ಅಂಬುಬಾಯಿ ಮೆಹರವಾಡೆ
ವಸೂಲಿಯ ಇನ್ನೂರಾ ಹದಿನಾಲ್ಕಕ್ಕ ಹಚ್ಚಿ,
ಅಡಿಕಿ ಚೂರು ಗಲ್ಲಕ್ಕ ಸರಿಸಿ
ಒಂದ ಮಾತು ಹೇಳತಾಳ.
ಯಂತ್ರ ಹೊರಗಿನ ದನಿಯಷ್ಟ ಹಿಡೀತಿತ್ತು.
ಒಳಗಿನ ಈ ಮಾತು ಅದರ ಲೆಕ್ಕಕ್ಕಿಲ್ಲ.

ವಯರು ಬಿಚ್ಚೂ ನೆವದಾಗ ಅಕಿ ಮಗ್ಗಲ ಒಂದ ತಾಸು ಕುಂತೆ.

"ಬಂಕಾಪುರದ ಬ್ಯಾಂಡಿನಂವರೀ. ಲಗ್ನ ಇನ್ನಾ ಸುರು ಆಗಿಲ್ಲ, ತಡೀರಿ."

"ಅಣ್ಣಿಗೇರಿ ಹೆಣ್ಣಮಗಳು. ಗಾಡಿ ಗಂಡನ ಹೆಸರಿಲೆ ಐತಿ,
ಗಂಡ ಇಲ್ಲ ಈಗ. ಹೆಸರು ಮೊದಲ ಕೇಳಬ್ಯಾಡ್ರಿ."

"ಇಂವ ಸುಳ್ಳ ಹೇಳತಾನ್ರಿ. ಆದ್ರ ಹೋದ ತಿಂಗಳಕಿಂತ ಕಡಿಮಿ."

ಒಂದಕ್ಕ ಏನೂ ಹೇಳಲಿಲ್ಲ, ಬರೇ "ಸರ್ರ..." ಅಂದಳು.
ಆ ಕಡೆ ತಿಳೀತು.

ನನ್ನ ಕೆಲಸ ನಾ ಮಾಡಿದೆ.
ಸೆಟ್ಟಿಂಗಿನ್ಯಾಗ ಒಂದ ಗೆರಿ: ಎಲ್ಲಾ ಲೈನು, ಒಳಗಿನವೂ,
ಯಾರೂ ಬಟನ್ ಒತ್ತದ, ತಾನ ಸುರು ಆಗಬೇಕು.
ಟಿಕ್ಕು. ಸೇವು. ರಿಸ್ಟಾರ್ಟು.
ಕೊಣ್ಣೂರ ಸಾಹೇಬರು ಗಿರಮಿಟ್ಟು ತರಿಸಿದರು, ಮ್ಯಾಲ ಎರಡ ಮಿರ್ಚಿ.

ಎದ್ದು ಹೊಂಟಾಗ ಅಂಬುಬಾಯಿ ಕೇಳಿದಳು:
"ಈಗ ಎಲ್ಲಾ ಕೇಳತೈತೇನಪಾ ಅದಕ್ಕ?"
ಹೂನ್ರಿ.
"ಎಷ್ಟ ದಿನಾ ಇಟಗೋತೈತಿ?"
ಮೂರ ವರ್ಷ.
"ನನ್ನ ನೌಕರಿ ಎರಡ ವರ್ಷ ಉಳದೈತಿ," ಅಂದು
ರಿಸೀವರಿನ ಸುರಳಿ ವಯರು ಬೆರಳಿಗೆ ಸುತ್ತಿ, ಬಿಚ್ಚಿ,
ಮತ್ತ ಸುತ್ತಿದಳು.

ವಾರ ಬಿಟ್ಟು ಮನ್ಯಾಗ ಕುಂತು ತಪಾಸ ಮಾಡಿದೆ.
ಫೈಲು ಅಖಂಡ. ಬಿಲ್ಲಿನ್ಯಾಗ ಬರದೆ: ದೋಷ ನಿವಾರಣೆಯಾಗಿದೆ.
ಇಯರ್‌ಫೋನು ತಗೀಬೇಕಿತ್ತು,
ತಗೀಲಿಲ್ಲ.

ಹೋಲ್ಡು. ಪೀಪಿ. ಆಮ್ಯಾಲ ಅಕಿ ದನಿ, ತೊಳದಿಟ್ಟ ವಾಟಗದಂಗ:
"ಇನ್ನೂರಾ ಹದಿನಾಲ್ಕು. ಕಾಲ್ ಐತಿ."
ಫ್ಯಾನಿನ ಸಪ್ಪಳ. ಕೆಳಗ ರೋಡಿನ್ಯಾಗ ಒಂದ ಹಾರ್ನು.
ಹಲ್ಲಾಗ ಅಡಿಕಿ ಕಟಕ್ಕಂದದ್ದೂ ಬಂದೈತಿ.
ಒಂಬತ್ತಿದ್ದದ್ದು ಈಗ ಮೂರ ಸೆಕೆಂಡಿಗೆ ಮುಗೀತು.

"ಹೇಳ್ರಿ, ಗಾಡಿ ಯಾರ ಹೆಸರಿಲೆ ಐತಿ?
ಅವರಿಗೇ ಕೊಡ್ರಿ ಫೋನು."

ಮುಂಡರಗಿಯ ಹೆಣ್ಣಮಗಳೊಬ್ಬಾಕಿ
ಉತ್ತರ ಹುಡಿಕಿದ ಹೊತ್ತು
ಎಲ್ಲೂ ತುಂಡಾಗದ ಹಿಡದೈತಿ:
ಹನ್ನೊಂದು.