ಪ್ರೇಕ್ಷಕರ ಬಾಬ್ತು

ಮಾಪ್ಸಾ ಮ್ಯಾಚಿಗೆ ಹೋಗೋ ಮಂದಿ ಸಲುವಾಗಿ
ಲೀಗಿನವರು ಕೊಟ್ಟದ್ದು ನಲವತ್ತು ಸಾವಿರ.
ಖರ್ಚಿನ ಹಾಳಿ ಕ್ಲಬ್ಬಿನ ಗ್ವಾಡಿಗೆ ಹಚ್ಯಾರ.
ನಲವತ್ತು ಓದಾಕ ನಾನೂ ಚಾಳೀಸು ಏರಿಸಿದೆ.

ಫ್ಲೆಕ್ಸಿಗೆ ಒಂಬತ್ತು ಸಾವಿರ.
ಅದರಾಗ ಅಧ್ಯಕ್ಷರ ಮಾರಿ ಬಾಲಿಗಿಂತ ದೊಡ್ಡದು,
ಗೋಲ್‌ಕೀಪರಂದು ಬರೇ ಬೆನ್ನು.
ಶಾಲು, ಹಾರ. ಕುಂದಾ ಐದು ಕಿಲೋ,
ತಿಂದವರ ಹೆಸರು ಬರದಿಲ್ಲ.
‘ಪ್ರೇಕ್ಷಕರ ಹಿತ ಕುರಿತು ಸಮಾಲೋಚನೆ’:
ಹನ್ನೊಂದು ಊಟ, ಎರಡು ಎಸಿ ಕಾರು.
ಆಫೀಸಿನ ಬಾಗಲಕ್ಕ ಬಣ್ಣ.
ಆ ಬಾಗಲದ ಹೊರಗ ನಿಂತ ಓದಾಕತ್ತೀನಿ,
ಅಂಗಿ ತೋಳಿಗೆ ಹತ್ತೇತಿ, ಹಸಿ ಹಸರು.

ನಾವು ಹೋದದ್ದು ಗಜಬರನ ಗಾಡ್ಯಾಗ,
ಗೋವಾಕ್ಕ ಹೊಂಟಿದ್ದ ಕೋಬಿ ಚೀಲದ ಮ್ಯಾಲ
ಹದಿನಾಲ್ಕು ಮಂದಿ, ತಲಾ ನೂರಾ ಎಂಬತ್ತು.
ಚೋರ್ಲಾ ಘಾಟಿನಾಗ ಪಾವ್ಲು ಮಾಮಾ
ಮೂರು ಸಲ ವಾಂತಿ ಮಾಡಿಕೊಂಡ,
ಹಲಗಿ ಮಾತ್ರ ಕೈ ಬಿಡಲಿಲ್ಲ.
ಶಮ್ಶಾದಬಿ ತನ್ನ ಪಾಲು ಚಿಲ್ಲರದಾಗ ಎಣಿಸಿದಳು.
ಮಗ ತೊಂಬತ್ತೂ ನಿಮಿಷ ಬೆಂಚಿನ ಮ್ಯಾಲ;
ಆಕಿ ತೊಂಬತ್ತೂ ನಿಮಿಷ
ಅವನ ಹೆಸರು ಹಿಡಿದ ಒದರಿದಳು.

ಮೂರು–ಒಂದರಲೆ ಸೋತ್ವಿ.
ಆ ಒಂದಕ್ಕ
ನಾವು ಹಾಕಿದ ಕೇಕೆ
ಮಾಪ್ಸಾದ ಮಂದಿನೂ ಹೊಳ್ಳಿ ನೋಡಿದ್ರು.

ಹಾಳಿ ತಳಕ ಬಂದೆ: ಉಳಿಕೆ, ಇಪ್ಪತ್ತು ರೂಪಾಯಿ.
‘ಅದು ನಮ್ಮದಲ್ಲೇನ್ರಿ?’
ಸೆಕ್ರೆಟರಿ ನಕ್ಕ. ಖಣದಾಗ ಕೈ ಹಾಕಿ
ಒಂದ ನೋಟು ಕೊಟ್ಟು, ಸಹಿ ಮಾಡಿಸಿಕೊಂಡ.

ಲಿಂಬಿ ಪೇಪರಮೆಂಟ ತಂದೀನಿ, ಇಪ್ಪತ್ತು ರೂಪಾಯಿದು,
ಮಾಮಾಗ.
ಮುಂದಿನ ತಿಂಗಳ ಮತ್ತ ಘಾಟು ಐತಿ.